ಗಾಜಿನ ಪಟ್ಟಿ ಫಲಕ: ಬಿರುಕು ಬಿಡದ ಹಾಗೆ ಬೆಸೆಯುವುದು, ತಣಿಸುವುದು

ಕಿಲ್ನ್ (ಗಾಜು ಕಾಯಿಸುವ ಕರೆಂಟಿನ ಕುಲುಮೆ) ಮುಚ್ಚಳ ಎತ್ತಿದರೆ ಫಲಕ ಎರಡು ಹೋಳಾಗಿ ಬಿದ್ದಿದೆ. ಇಲ್ಲವೇ ಎತ್ತಿದಾಗ ಚೆನ್ನಾಗಿಯೇ ಇತ್ತು, ವಾರ ಬಿಟ್ಟು ಮೇಜಿನ ಮೇಲೆ ಇದ್ದಲ್ಲೇ ಟಪ್ ಅಂತ ಸೀಳಿತು. ಗಾಜು ಬೆಸೆಯುವುದನ್ನು ಕಲಿಯುತ್ತಿರುವವರು ಮತ್ತೆ ಮತ್ತೆ ಕೇಳುವುದು ಇದನ್ನೇ. ಎಲ್ಲರ ಅನುಮಾನವೂ ಕರಗಿಸುವ ಶಾಖದ ಮೇಲೆ: ಇನ್ನೊಂದು ಹತ್ತು ಡಿಗ್ರಿ ಜಾಸ್ತಿ ಕೊಡಬೇಕಿತ್ತಾ ಅಂತ. ಕಾರಣ ಅಲ್ಲಿ ಸಿಗುವುದು ಅಪರೂಪ. ಗಾಜು ಆರಿಸಿದ ದಿನವೋ, ತಣಿಸಿದ ರಾತ್ರಿಯೋ ಕೆಲಸ ಕೆಟ್ಟಿರುತ್ತದೆ.

ಇಲ್ಲಿ ಒಂದೇ ಕೆಲಸ ಹಿಡಿದು ಕೊನೆಯವರೆಗೆ ಹೋಗೋಣ. 30 ಸೆಂ.ಮೀ. ಉದ್ದ, 20 ಸೆಂ.ಮೀ. ಅಗಲದ ಒಂದು ಫಲಕ. 3 ಮಿ.ಮೀ. ದಪ್ಪದ ಬಣ್ಣದ ಗಾಜಿನ ಶೀಟನ್ನು 10 ಮಿ.ಮೀ. ಅಗಲದ ಪಟ್ಟಿಗಳಾಗಿ ಕತ್ತರಿಸಿ, ಪಟ್ಟಿಗಳನ್ನು ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿ, ಒತ್ತಾಗಿ ಜೋಡಿಸಿ ಬೆಸೆಯುವುದು. ಮುಗಿದಾಗ ಸುಮಾರು 10 ಮಿ.ಮೀ. ದಪ್ಪದ, ಒಂದೂವರೆ ಕಿಲೋ ತೂಗುವ ಗಟ್ಟಿ ಹಲಗೆ. ಗ್ಯಾಲರಿಗಳಲ್ಲಿ ಕಾಣುವ ಗೆರೆಗೆರೆಯ ಗಾಜಿನ ಕೃತಿಗಳಲ್ಲಿ ಎಷ್ಟೋ ಇದೇ ದಾರಿಯಲ್ಲಿ ಹುಟ್ಟಿದವು.

ಕೆಳಗಿನ ಉಷ್ಣತೆಗಳೆಲ್ಲ ಸೆಲ್ಸಿಯಸ್‌ನಲ್ಲಿ, ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ ತಯಾರಾಗುವ ಬುಲ್ಸ್‌ಐ ಗಾಜಿಗೆ. ಬೇರೆ ಕಂಪನಿಯ ಗಾಜಾದರೆ ಹಂತಗಳು ಇವೇ, ಅಂಕಿಗಳು ಅವರ ಪಟ್ಟಿಯಿಂದ.

ಹಂತ 1: ಒಂದಕ್ಕೊಂದು ಹೊಂದುವ ಗಾಜು ಮಾತ್ರ

ಎರಡು ಗಾಜು ಬಿಸಿಯಲ್ಲಿ ಅಂಟಿಕೊಳ್ಳುವುದು ಕಷ್ಟವೇ ಅಲ್ಲ. ಯಾವ ಗಾಜು ಬೇಕಾದರೂ ಯಾವುದಕ್ಕೆ ಬೇಕಾದರೂ ಅಂಟುತ್ತದೆ. ಕಷ್ಟ ಇರುವುದು ತಣ್ಣಗಾಗುವಾಗ. ಒಂದು ಗಾಜು ಸ್ವಲ್ಪ ಜಾಸ್ತಿ ಕುಗ್ಗಿ, ಪಕ್ಕದ್ದು ಸ್ವಲ್ಪ ಕಡಿಮೆ ಕುಗ್ಗಿದರೆ ಎರಡರ ನಡುವೆ ಎಳೆದಾಟ ಉಳಿಯುತ್ತದೆ. ಈ ಎಳೆತ ಎಂದೂ ಹೋಗುವುದಿಲ್ಲ. ಎಷ್ಟು ನಿಧಾನವಾಗಿ ತಣಿಸಿದರೂ ಹೋಗುವುದಿಲ್ಲ.

ಹಾಗಾಗಿ ಬಳೆ ಚೂರು, ಬಿಯರ್ ಬಾಟಲಿ ತುಂಡು, ಕಿಟಕಿ ಗಾಜು ಇವನ್ನು ಒಂದೇ ಫಲಕದಲ್ಲಿ ಸೇರಿಸಬೇಡಿ. ನಮ್ಮಲ್ಲಿ ಬಳೆ ಚೂರು ಬಣ್ಣಬಣ್ಣವಾಗಿ, ಪುಕ್ಕಟೆ ಸಿಗುತ್ತದೆ, ಆಸೆ ಆಗುವುದು ಸಹಜ. ಆದರೆ ಯಾವ ಬಳೆ ಯಾವ ಗಾಜಿನಿಂದ ಬಂತು ಅಂತ ಯಾರಿಗೂ ಗೊತ್ತಿರುವುದಿಲ್ಲ. ಎರಡು ಬೇರೆ ಬಾಟಲಿಗಳೂ ಪರಸ್ಪರ ಹೊಂದುತ್ತವೆ ಅನ್ನುವ ಖಾತರಿ ಇಲ್ಲ. ಅಂಗಡಿಯ ಕಿಟಕಿ ಗಾಜಿನಲ್ಲೇ ಅಭ್ಯಾಸ ಮಾಡುವವರು ಒಂದೇ ಶೀಟಿನಿಂದ ಕತ್ತರಿಸಿದ ತುಂಡುಗಳನ್ನು ಮಾತ್ರ ಸೇರಿಸಿ. ಅದಕ್ಕೆ ಕರಗಿಸುವ ಉಷ್ಣತೆಯೂ ತಣಿಸುವ ಉಷ್ಣತೆಯೂ ಇಲ್ಲಿರುವುದಕ್ಕಿಂತ ಮೇಲೆ.

ಗಾಜಿನ ಮೇಲೆ "ಸಿಒಇ 90" ಅಂತ ಬರೆದಿರುತ್ತದೆ. ಬಿಸಿಗೆ ಎಷ್ಟು ಹಿಗ್ಗುತ್ತದೆ ಅನ್ನುವ ಅಂಕಿ ಅದು. ಎರಡು ಕಂಪನಿಗಳ ಗಾಜಿಗೂ 90 ಅಂತಿದೆ, ಸೇರಿಸಬಹುದಲ್ವಾ ಅಂತ ಕೇಳುತ್ತಾರೆ. ಅಷ್ಟರಿಂದಲೇ ಹೇಳಲಾಗದು. ಆ ಅಂಕಿ ತೆಗೆಯುವುದು ಗಾಜು ಗಟ್ಟಿಯಾಗಿರುವ ಕಡಿಮೆ ಶಾಖದಲ್ಲಿ. ಎಳೆತ ಹುಟ್ಟುವುದು ಅದಕ್ಕಿಂತ ಮೇಲೆ, ಗಾಜು ಮೆತ್ತಗಿನಿಂದ ಗಟ್ಟಿಗೆ ತಿರುಗುವಾಗ. ಅಂಕಿಗಿಂತ ಪರೀಕ್ಷೆ ನಂಬಿ.

ಪರೀಕ್ಷೆ ಹೀಗೆ. ನಿಮ್ಮ ಮೂಲ ಗಾಜಿನ ಬಣ್ಣವಿಲ್ಲದ ಒಂದು ಪಟ್ಟಿ ತೆಗೆದುಕೊಳ್ಳಿ. ಅದರ ಮೇಲೆ ಬಳಸಬೇಕೆಂದಿರುವ ಪ್ರತಿ ಬಣ್ಣದ 1 ಸೆಂ.ಮೀ. ಚೂರನ್ನು ಬಿಡಿಬಿಡಿಯಾಗಿ ಇಡಿ. ಜೊತೆಗೆ ಮೂಲ ಗಾಜಿನದೇ ಒಂದು ಚೂರನ್ನೂ ಇಡಿ. ಪೂರ್ತಿ ಬೆಸೆದು, ಚೆನ್ನಾಗಿ ತಣಿಸಿ. ಆಮೇಲೆ ಕಂಪ್ಯೂಟರಿನ ಎಲ್‌ಸಿಡಿ ಪರದೆಯನ್ನು ಪೂರ್ತಿ ಬಿಳಿ ಮಾಡಿ, ಪೋಲರಾಯ್ಡ್ ತಂಪು ಕನ್ನಡಕವನ್ನು ಕೈಯಲ್ಲಿ ಹಿಡಿದು ಪರದೆ ಕಪ್ಪಾಗುವವರೆಗೆ ತಿರುಗಿಸಿ. ಈಗ ಪಟ್ಟಿಯನ್ನು ಪರದೆಗೂ ಕನ್ನಡಕಕ್ಕೂ ನಡುವೆ ಹಿಡಿಯಿರಿ. ಚೂರಿನ ಸುತ್ತ, ಮುಖ್ಯವಾಗಿ ಮೂಲೆಗಳಲ್ಲಿ ಬೆಳಕಿನ ಅಂಚು ಹೊಳೆದರೆ ಆ ಬಣ್ಣ ಹೊಂದುವುದಿಲ್ಲ. ಮೂಲ ಗಾಜಿನ ಚೂರಿನ ಸುತ್ತಲೂ ಹೊಳೆದರೆ ತಪ್ಪು ಬಣ್ಣದ್ದಲ್ಲ, ತಣಿಸಿದ್ದು ಸಾಲದು. ಎರಡು ಬೇರೆ ರೋಗಗಳನ್ನು ಒಂದೇ ಪಟ್ಟಿ ಬೇರೆ ಮಾಡಿ ತೋರಿಸುತ್ತದೆ. ಇಷ್ಟಾಗಿಯೂ ಈ ಪರೀಕ್ಷೆಯನ್ನು ಹಾರಿಸಿಬಿಡುವವರೇ ಜಾಸ್ತಿ.

ಬಣ್ಣದ ಬಗ್ಗೆ ಎರಡು ಮಾತು. ಕೆಂಪು, ಕಿತ್ತಳೆ ಗಾಜುಗಳಲ್ಲಿ ಕೆಲವು ಅಂಗಡಿಯಲ್ಲಿ ಪೇಲವವಾಗಿ ಕಾಣುತ್ತವೆ, ಬಿಸಿ ಮಾಡಿದ ಮೇಲೆ ಬಣ್ಣ ಏಳುತ್ತದೆ. ಲೇಬಲ್ ಓದಿ. ಇನ್ನೊಂದು, ಗಂಧಕ ಅಥವಾ ಸೆಲೆನಿಯಂ ಇರುವ ಹಳದಿ, ಕೆಂಪು ಬಣ್ಣಗಳನ್ನು ತಾಮ್ರ ಇರುವ ನೀಲಿ, ಹಸಿರುಗಳ ಪಕ್ಕ ಇಟ್ಟರೆ ನಡುವೆ ಕಂದು ಗೆರೆ ಮೂಡುತ್ತದೆ. ಕೆಲವರು ಇದನ್ನು ಬೇಕಂತಲೇ ಬಳಸುತ್ತಾರೆ. ಬೇಡವಾದವರು ನಡುವೆ ಒಂದು ಬಣ್ಣವಿಲ್ಲದ ಪಟ್ಟಿ ಇಡಿ.

ಹಂತ 2: ಸಾಮಾನು, ಕರೆಂಟು

ಬೇಕಾದವು: ಎಣ್ಣೆ ತುಂಬುವ ಗ್ಲಾಸ್ ಕಟರ್, ಗೀರಿನುದ್ದಕ್ಕೂ ಗಾಜು ಒಡೆಯುವ ರನ್ನಿಂಗ್ ಪ್ಲೈಯರ್, ಜಾರದ ಉಕ್ಕಿನ ಸ್ಕೇಲು, ಡಿಜಿಟಲ್ ಕಂಟ್ರೋಲರ್ ಇರುವ ಕಿಲ್ನ್, ಗಾಜು ಇಡುವ ಕಿಲ್ನ್ ಶೆಲ್ಫ್, ಕರಗಿದ ಗಾಜು ಹರಡದಂತೆ ಒಡ್ಡು ಕಟ್ಟಲು ಅದೇ ಶೆಲ್ಫಿನ ಉದ್ದನೆಯ ತುಂಡುಗಳು, ಗಾಜು ಶೆಲ್ಫಿಗೆ ಅಂಟದಂತೆ ಹಚ್ಚುವ ಕಿಲ್ನ್ ವಾಷ್ ಪುಡಿ, ಶಾಖ ತಾಳುವ 3 ಮಿ.ಮೀ. ಫೈಬರ್ ಪೇಪರ್, ಒರೆಯಲು ವಜ್ರದ ಪ್ಯಾಡುಗಳು ಮತ್ತು ಸಿಲಿಕಾನ್ ಕಾರ್ಬೈಡ್ ಪುಡಿ. ಕನ್ನಡಕ, ಎನ್95 ಮಾಸ್ಕ್ ಕಡ್ಡಾಯ. ಫೈಬರ್ ಪೇಪರ್ ಕತ್ತರಿಸುವಾಗಲೂ, ಕಿಲ್ನ್ ವಾಷ್ ಕೆರೆಯುವಾಗಲೂ ಏಳುವ ಧೂಳು ಕಣ್ಣಿಗೆ ಕಾಣದಷ್ಟು ಸಣ್ಣದು.

ಕಿಲ್ನ್ ಕೊಳ್ಳುವುದಾದರೆ ಮೇಲಿನಿಂದ ಶಾಖ ಕೊಡುವುದನ್ನು ಆರಿಸಿ. ಮಡಕೆ ಸುಡುವ ಕಿಲ್ನ್‌ಗಳಲ್ಲಿ ಕಾಯಿಲ್ ಪಕ್ಕದ ಗೋಡೆಗಳಲ್ಲಿರುತ್ತದೆ. ಅಗಲವಾದ ಫಲಕದ ಅಂಚು ಮೊದಲು ಕಾಯುತ್ತದೆ, ನಡುವೆ ಹಿಂದುಳಿಯುತ್ತದೆ. ಅಂಥದ್ದೇ ಇದ್ದರೆ ಏರಿಸುವ ವೇಗವನ್ನು ಅರ್ಧಕ್ಕೆ ಇಳಿಸಿ.

ಮನೆಯ 16 ಆಂಪಿಯರ್ ಪ್ಲಗ್ 230 ವೋಲ್ಟಿನಲ್ಲಿ ಹೆಚ್ಚೆಂದರೆ 3.6 ಕಿಲೋವ್ಯಾಟ್ ತಾಳುತ್ತದೆ. ಕಿಲ್ನ್ ಅದಕ್ಕಿಂತ ಕಡಿಮೆಯದಿರಲಿ. ಅದಕ್ಕೇ ಬೇರೆ ಲೈನ್ ಎಳೆಸಿ, ಅರ್ಥಿಂಗ್ ಸರಿ ಇದೆಯಾ ಅಂತ ಎಲೆಕ್ಟ್ರಿಷಿಯನ್ ಕೈಲಿ ನೋಡಿಸಿ. ಗೀಸರಿನ ಲೈನಿಗೆ ಸಿಕ್ಕಿಸಿ ರಾತ್ರಿಯಿಡೀ ಓಡಿಸಬೇಡಿ. ಮನೆ ಇನ್ವರ್ಟರ್ ಇದನ್ನು ಎಳೆಯುವುದಿಲ್ಲ. ಕರೆಂಟು ಹೋಗಿ ಬಂದರೆ ಕಂಟ್ರೋಲರ್ ಬಿಟ್ಟಲ್ಲಿಂದ ಮುಂದುವರಿಯುತ್ತದೋ, ನಿಂತೇ ಬಿಡುತ್ತದೋ ಅನ್ನುವುದನ್ನು ಖಾಲಿ ಕಿಲ್ನ್‌ನಲ್ಲಿ ಮೊದಲೇ ಪರೀಕ್ಷೆ ಮಾಡಿಕೊಳ್ಳಿ.

ಹಂತ 3: ಪಟ್ಟಿ ಕತ್ತರಿಸುವುದು

20 ಸೆಂ.ಮೀ. ಅಗಲ ತುಂಬಲು 3 ಮಿ.ಮೀ. ಪಟ್ಟಿಗಳು ಸುಮಾರು 66 ಬೇಕು. ಒಡೆಯುವುದು, ಚಕ್ಕೆ ಏಳುವುದು ಇದ್ದೇ ಇದೆ. 80 ಪಟ್ಟಿಗೆ ತಯಾರಾಗಿ.

ಶೀಟನ್ನು 30 ಸೆಂ.ಮೀ. ಉದ್ದ, 16 ಸೆಂ.ಮೀ. ಅಗಲದ ತುಂಡುಗಳಾಗಿ ಮಾಡಿಕೊಳ್ಳಿ. ಹದಿನಾರೇ ಯಾಕೆ ಅಂದರೆ ಅದು ಕೊನೆಯವರೆಗೂ ಅರ್ಧ ಅರ್ಧ ಆಗುತ್ತಾ ಹೋಗುತ್ತದೆ. ಗಾಜು ಗೀರಿನ ಎರಡು ಕಡೆ ಸಮ ಅಗಲ ಇದ್ದಾಗ ನೆಟ್ಟಗೆ ಬಿಡುತ್ತದೆ. ಒಂದು ಕಡೆ 10 ಮಿ.ಮೀ., ಇನ್ನೊಂದು ಕಡೆ 150 ಮಿ.ಮೀ. ಇದ್ದರೆ ಬಿರುಕು ಸಪೂರದ ಕಡೆಗೆ ಓಡುತ್ತದೆ. ಆದ್ದರಿಂದ 10 ಮಿ.ಮೀ.ಗೆ ಒಂದರಂತೆ ಗೀರುಗಳನ್ನೆಲ್ಲ ಮೊದಲು ಹಾಕಿಬಿಡಿ. ಆಮೇಲೆ ನಡುವಿನ ಗೀರಿನಲ್ಲಿ ಒಡೆಯಿರಿ. ಎಂಟೆಂಟು ಸೆಂ.ಮೀ. ಆಯಿತು. ಅದನ್ನು ನಾಲ್ಕು ನಾಲ್ಕು, ಎರಡೆರಡು, ಒಂದೊಂದು. ಅಂಚಿನಿಂದ ಒಂದೊಂದೇ ಪಟ್ಟಿ ಮುರಿಯುತ್ತಾ ಬರುವವರ ಬುಟ್ಟಿಯಲ್ಲಿ ಚೂರೇ ಜಾಸ್ತಿ.

ಗೀರು ಹಾಕುವಾಗ ಕಟರನ್ನು ನೆಟ್ಟಗೆ ಹಿಡಿದು, ಈ ಅಂಚಿನಿಂದ ಆ ಅಂಚಿನವರೆಗೆ ಒಂದೇ ಉಸಿರಿಗೆ ಎಳೆಯಿರಿ. ಸರ್‌ರ್ ಅನ್ನುವ ಸಣ್ಣ ಸದ್ದು ಒಂದೇ ಸಮ ಕೇಳಬೇಕು. ಕರಕರ ಅಂದು ಗೀರಿನಿಂದ ಬಿಳಿ ಪುಡಿ ಎದ್ದರೆ ಒತ್ತಡ ಜಾಸ್ತಿ ಆಯಿತು. ಸದ್ದು ನಡುವೆ ನಿಂತರೆ ಅಲ್ಲಿ ಗೀರು ಬಿದ್ದಿಲ್ಲ. ಹಾಗಂತ ಅದೇ ಗೆರೆಯ ಮೇಲೆ ಇನ್ನೊಮ್ಮೆ ಎಳೆಯಬೇಡಿ. ಎರಡನೇ ಗೀರು ಮೊದಲನೆಯದನ್ನು ಕೆಡಿಸುತ್ತದೆ, ಜೊತೆಗೆ ಕಟರಿನ ಚಕ್ರವನ್ನೂ. ಗೀರು ಹಾಕಿದ್ದನ್ನು ಅವತ್ತೇ ಒಡೆಯಿರಿ. ಹೊಸ ಗೀರು ಒಡೆದಷ್ಟು ಚೆನ್ನಾಗಿ ಹಳೆಯದು ಒಡೆಯುವುದಿಲ್ಲ.

ಪ್ರತಿ ಪಟ್ಟಿಯ ಅಗಲ ಅಳೆಯಿರಿ. ಅರ್ಧ ಮಿ.ಮೀ. ಹೆಚ್ಚುಕಡಿಮೆ ನಡೆಯುತ್ತದೆ. ಅಂಚಿನಲ್ಲಿ ಹೊರಚಾಚಿದ ಚಕ್ಕೆ ಇದ್ದರೆ ವಜ್ರದ ಪ್ಯಾಡಿನಿಂದ, ನೀರು ಹಾಕಿಕೊಂಡು, ತೆಗೆದುಬಿಡಿ. ಆ ಚಕ್ಕೆ ಪಕ್ಕದ ಪಟ್ಟಿಯನ್ನು ದೂರ ತಳ್ಳಿ ನಡುವೆ ಗಾಳಿಗೆ ಜಾಗ ಮಾಡುತ್ತದೆ. ಫಲಕದಲ್ಲಿ ಸಾಲಾಗಿ ಗುಳ್ಳೆ ಬಂತು ಅನ್ನುವವರು ಇಲ್ಲಿ ಹುಡುಕಿ.

ಹಂತ 4: ತೊಳೆಯುವುದು

ಬೇಸರದ ಕೆಲಸ, ನಿಜ. ಆದರೆ ಪಟ್ಟಿಗಳನ್ನು ನಿಲ್ಲಿಸಿ ಜೋಡಿಸುವಾಗ ಶೀಟಿನ ಮೇಲ್ಮೈಗಳೆಲ್ಲ ಫಲಕದ ಒಳಗೆ ಹೋಗುತ್ತವೆ. ಒಂದು ಬೆರಳ ಗುರುತು ಉಳಿದರೂ ಅದು ಒಳಗೆ ಮಂಜಾಗಿ ನಿಂತುಬಿಡುತ್ತದೆ, ಒರೆದು ತೆಗೆಯಲು ಆಗುವುದಿಲ್ಲ.

ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ ಹಾಕಿ ಕಟರಿನ ಎಣ್ಣೆ ಹೋಗುವ ಹಾಗೆ ಉಜ್ಜಿ. ಕೊನೆಯ ಜಾಲಾಟ ಬೋರ್‌ವೆಲ್ ನೀರಿನಲ್ಲಿ ಬೇಡ. ನೀರು ಗಡಸಾಗಿದ್ದರೆ ಒಣಗಿದ ಮೇಲೆ ಬಿಳಿ ಕಲೆ ಉಳಿಯುತ್ತದೆ, ಅದು ಬಿಸಿಯಲ್ಲಿ ಗಾಜಿನ ಮೇಲೆ ಹರಳುಗಟ್ಟಿದ ಬೂದು ಪೊರೆಗೆ ದಾರಿ ಮಾಡಿಕೊಡುತ್ತದೆ. ಆರ್‌ಒ ನೀರು ಅಥವಾ ಡಿಸ್ಟಿಲ್ಡ್ ನೀರು ಬಳಸಿ. ತಾನಾಗಿ ಒಣಗಲು ಬಿಡಬೇಡಿ. ನೂಲು ಬಿಡದ, ತೊಳೆದು ತೊಳೆದು ಮೆತ್ತಗಾದ ಹತ್ತಿ ಬಟ್ಟೆಯಲ್ಲಿ ಒರೆಸಿ. ಅಲ್ಲಿಂದ ಮುಂದೆ ಪಟ್ಟಿಯನ್ನು ತುದಿಯಲ್ಲಿ ಮಾತ್ರ ಮುಟ್ಟಿ.

ಹಂತ 5: ಶೆಲ್ಫ್, ಒಡ್ಡು, ಜೋಡಣೆ

ಕರಗಿದ ಗಾಜಿಗೆ ಸುಮಾರು 6 ಮಿ.ಮೀ. ದಪ್ಪದಲ್ಲಿ ನೆಮ್ಮದಿ. ಅದಕ್ಕಿಂತ ತೆಳ್ಳಗಿದ್ದರೆ ಒಳಗೆ ಎಳೆದುಕೊಂಡು ದಪ್ಪ ಆಗುತ್ತದೆ, ದಪ್ಪಗಿದ್ದರೆ ಬೆಲ್ಲದ ಪಾಕದ ಹಾಗೆ ಹರಡುತ್ತದೆ. ನಮ್ಮದು 10 ಮಿ.ಮೀ. ಹಾಗಾಗಿ ನಾಲ್ಕು ಕಡೆ ಒಡ್ಡು ಇಲ್ಲದೆ ನಿಲ್ಲುವುದಿಲ್ಲ.

ಮೊದಲು ಶೆಲ್ಫ್. ಹಳೆಯ ಕಿಲ್ನ್ ವಾಷನ್ನು ಪೂರ್ತಿ ಕೆರೆದು ತೆಗೆಯಿರಿ. ಒಮ್ಮೆ 800 ಡಿಗ್ರಿ ದಾಟಿದ ವಾಷ್ ಎರಡನೇ ಸಲ ಗಾಜಿಗೆ ಅಂಟಿಕೊಳ್ಳುತ್ತದೆ. ಹೊಸದನ್ನು ಒಂದು ಭಾಗ ಪುಡಿಗೆ ಐದು ಭಾಗ ನೀರು ಸೇರಿಸಿ ಕಲೆಸಿ, ಮೆತ್ತನೆಯ ಅಗಲ ಬ್ರಷ್ಷಿನಲ್ಲಿ ನಾಲ್ಕೈದು ತೆಳು ಕೋಟ್ ಕೊಡಿ. ಪ್ರತಿ ಕೋಟಿಗೂ ದಿಕ್ಕು ಬದಲಿಸಿ. ಬ್ರಷ್ ಅದ್ದುವ ಮೊದಲು ಪ್ರತಿ ಸಲ ಕಲಕಿ, ಪುಡಿ ತಳಕ್ಕೆ ಕೂತಿರುತ್ತದೆ. ಮಳೆಗಾಲದಲ್ಲಿ, ಅದರಲ್ಲೂ ಮಲೆನಾಡು ಕರಾವಳಿಯಲ್ಲಿ, ಶೆಲ್ಫ್ ಮುಟ್ಟಿದರೆ ಒಣಗಿದಂತೆ ಅನಿಸುತ್ತದೆ, ಒಳಗೆ ತೇವ ಇರುತ್ತದೆ. ಖಾಲಿ ಕಿಲ್ನ್‌ನಲ್ಲಿ 250 ಡಿಗ್ರಿವರೆಗೆ ಕಾಯಿಸಿ ಒಣಗಿಸಿಕೊಳ್ಳಿ. ತೇವ ಉಳಿದರೆ ಅದು ಆವಿಯಾಗಿ ಗಾಜಿನ ಕೆಳಗೆ ದೊಡ್ಡ ಗುಳ್ಳೆ ಎಬ್ಬಿಸುತ್ತದೆ.

ಒಡ್ಡಿನ ತುಂಡುಗಳಿಗೂ ವಾಷ್ ಹಚ್ಚಿ. ಒಳಮುಖಕ್ಕೆ ಫೈಬರ್ ಪೇಪರ್ ಪಟ್ಟಿ ಇಡಿ. ಇದು ಫಲಕದ ದಪ್ಪಕ್ಕಿಂತ 3 ಮಿ.ಮೀ. ಗಿಡ್ಡ ಇರಬೇಕು. ಅಂದರೆ ನಮಗೆ ಸುಮಾರು 7 ಮಿ.ಮೀ. ಎತ್ತರ. ಸಮ ಎತ್ತರಕ್ಕೋ, ಎತ್ತರವಾಗಿಯೋ ಇಟ್ಟರೆ ಕುಗ್ಗುವ ಗಾಜು ಪೇಪರಿಗೆ ಕಚ್ಚಿಕೊಂಡು ಅಂಚಿನುದ್ದಕ್ಕೂ ಸೂಜಿಯಂಥ ಮುಳ್ಳುಗಳು ನಿಲ್ಲುತ್ತವೆ. ತೆಗೆಯುವಾಗ ಕೈ ಸೀಳುವುದು ಅವೇ. ಗಿಡ್ಡ ಇದ್ದರೆ ಗಾಜು ಪೇಪರಿನ ಮೇಲೆ ದುಂಡಗೆ ಬಾಗಿ ಇಳಿಯುತ್ತದೆ.

ಈಗ ಪಟ್ಟಿಗಳನ್ನು ನಿಲ್ಲಿಸಿ. ಒಂದು ಬದಿಯ ಒಡ್ಡಿಗೆ ಒರಗಿಸಿ ಶುರು ಮಾಡಿ, ಇನ್ನೊಂದು ಬದಿಗೆ ಬನ್ನಿ. ಕತ್ತರಿಸಿದ ಅಂಚು ಒಂದು ಕೆಳಗೆ, ಒಂದು ಮೇಲೆ. ಐದಾರು ಪಟ್ಟಿಗೊಮ್ಮೆ ಒತ್ತಿ ನೋಡಿ. ಕೊನೆಗೆ ನಾಲ್ಕನೇ ಒಡ್ಡನ್ನು ಒತ್ತಿ ಇಟ್ಟು, ಎಲ್ಲ ಒಡ್ಡುಗಳ ಹಿಂದೆಯೂ ಭಾರವಾದ ಕಿಲ್ನ್ ಪೋಸ್ಟ್ (ಶೆಲ್ಫ್ ಎತ್ತಿ ನಿಲ್ಲಿಸುವ ಗಿಡ್ಡ ಕಂಬ) ಇಡಿ. ಒಡ್ಡು ಸುಮ್ನೆ ನಿಂತರೆ ಸಾಲದು. ಒಂದೂವರೆ ಕಿಲೋ ಗಾಜು ಕರಗಿ ಒತ್ತಿದಾಗ ಅದು ಸರಿದರೆ ಗಾಜು ಶೆಲ್ಫಿನಾಚೆ ಹರಿದು ಕಿಲ್ನ್ ಇಟ್ಟಿಗೆಗೆ ಅಂಟುತ್ತದೆ. ಆಮೇಲೆ ಕಿಲ್ನ್ ರಿಪೇರಿಗೆ ಜಾಗ ಹುಡುಕಬೇಕು.

ಹಂತ 6: ಏರಿಸುವುದು

ಕಂಟ್ರೋಲರಿನಲ್ಲಿ ಹಾಕಬೇಕಾದದ್ದು:

1. ಗಂಟೆಗೆ 167 ಡಿಗ್ರಿಯಂತೆ 677ಕ್ಕೆ, ಅಲ್ಲಿ 1 ಗಂಟೆ ನಿಲುಗಡೆ.
2. ಗಂಟೆಗೆ 333 ಡಿಗ್ರಿಯಂತೆ 804ಕ್ಕೆ, ಅಲ್ಲಿ 15 ನಿಮಿಷ.
3. ಆದಷ್ಟು ಬೇಗ 482ಕ್ಕೆ ಇಳಿಕೆ.

677ರ ನಿಲುಗಡೆ ಗಾಳಿಗಾಗಿ. ಗಾಜು ಮೆತ್ತಗಾಗಿ ನಿಧಾನ ಕೂರುತ್ತಾ ಪಟ್ಟಿಗಳ ನಡುವಿನ ಗಾಳಿಯನ್ನು ಮೇಲಕ್ಕೆ ಹಿಂಡುತ್ತದೆ. ಇಲ್ಲಿ ಅವಸರ ಮಾಡಿದರೆ ಗಾಳಿ ಒಳಗೇ ಸಿಕ್ಕಿಕೊಳ್ಳುತ್ತದೆ.

ಮೂರನೇ ಸಾಲು ನೋಡಿ ಹೆದರುವವರಿದ್ದಾರೆ. ಇಷ್ಟು ಬೇಗ ಇಳಿಸಿದರೆ ಒಡೆಯಲ್ವಾ? ಇಲ್ಲ. ಆ ಶಾಖದಲ್ಲಿ ಗಾಜು ಇನ್ನೂ ಮೆತ್ತಗಿದೆ, ಎಳೆತವನ್ನು ಹಿಡಿದಿಟ್ಟುಕೊಳ್ಳುವ ಗಟ್ಟಿತನ ಇಲ್ಲ. ಅಲ್ಲಿ ನಿಧಾನ ಮಾಡುವುದೇ ಕೆಟ್ಟದ್ದು. 700ರ ಮೇಲೆ ಜಾಸ್ತಿ ಹೊತ್ತು ಕಳೆದಷ್ಟೂ ಮೇಲ್ಮೈ ಹರಳುಗಟ್ಟಿ ಮಂಕಾಗುವ ಸಂಭವ ಜಾಸ್ತಿ. "ಬೇಗ" ಅಂದರೆ ಮುಚ್ಚಳ ಎತ್ತಿ ತಣಿಸಿ ಅಂತ ಅಲ್ಲ. ಕಾಯಿಲ್ ಆರಿಸಿ ಕಿಲ್ನ್ ಪಾಡಿಗೆ ಬಿಡುವುದು ಅಷ್ಟೇ.

ಹಂತ 7: ತಣಿಸುವುದು

ಹೆಚ್ಚಿನ ಫಲಕಗಳು ಒಡೆಯುವುದು ಇಲ್ಲಿ. ಇದನ್ನು ಅನೀಲಿಂಗ್ ಅನ್ನುತ್ತಾರೆ.

ಗಾಜಿನ ಹೊರಮೈ ಬೇಗ ತಣಿಯುತ್ತದೆ, ಒಡಲು ತಡವಾಗಿ. ಹೊರಮೈ ಗಟ್ಟಿಯಾಗಿ ಕೂತ ಮೇಲೆ ಒಡಲು ಕುಗ್ಗಲು ಹೊರಟರೆ ಎರಡಕ್ಕೂ ಜಗಳ. ಆ ಜಗಳ ಗಾಜಿನೊಳಗೆ ಶಾಶ್ವತವಾಗಿ ಉಳಿಯುತ್ತದೆ. ಅದನ್ನು ತಪ್ಪಿಸಲು ಎರಡು ಕೆಲಸ: 482ರಲ್ಲಿ ನಿಲ್ಲಿಸಿ ಇಡೀ ಹಲಗೆಯನ್ನು ಒಂದೇ ಉಷ್ಣತೆಗೆ ತರುವುದು, ಅಲ್ಲಿಂದ ಒಡಲೂ ಹೊರಮೈಯೂ ಜೊತೆಯಲ್ಲೇ ಇಳಿಯುವಷ್ಟು ನಿಧಾನ ಇಳಿಸುವುದು.

ಎಷ್ಟು ನಿಧಾನ ಅನ್ನುವುದನ್ನು ದಪ್ಪ ಹೇಳುತ್ತದೆ. ಉದ್ದ ಅಗಲ ಅಲ್ಲ. 12 ಮಿ.ಮೀ. ದಪ್ಪಕ್ಕೆ: 482ರಲ್ಲಿ 2 ಗಂಟೆ, ಗಂಟೆಗೆ 55 ಡಿಗ್ರಿಯಂತೆ 427ಕ್ಕೆ, 99ರಂತೆ 371ಕ್ಕೆ, ಆಮೇಲೆ 330ರಂತೆ ಕೋಣೆಯ ಶಾಖಕ್ಕೆ. ಒಟ್ಟು ಸುಮಾರು 5 ಗಂಟೆ. 19 ಮಿ.ಮೀ.ಗೆ: 3 ಗಂಟೆ ನಿಲುಗಡೆ, ಆಮೇಲೆ 25, 45, 150. ಒಟ್ಟು ಸುಮಾರು 9 ಗಂಟೆ. 50 ಮಿ.ಮೀ. ಆದರೆ 8 ಗಂಟೆ ನಿಲುಗಡೆ, ಮೊದಲ ಇಳಿಕೆ ಗಂಟೆಗೆ ಬರೀ 3.8 ಡಿಗ್ರಿ, ಒಟ್ಟು ಎರಡು ದಿನ. ದಪ್ಪ ಎರಡರಷ್ಟಾದರೆ ಇಳಿಸುವ ವೇಗ ಅರ್ಧ ಅಲ್ಲ, ಕಾಲುಭಾಗಕ್ಕೆ ಬರುತ್ತದೆ. ಕಣ್ಣಂದಾಜಿನಲ್ಲಿ ಇನ್ನೊಂದು ಗಂಟೆ ಕೊಟ್ಟರಾಯಿತು ಅನ್ನುವವರು ಇಲ್ಲೇ ಬೀಳುತ್ತಾರೆ.

ನಮ್ಮ ಫಲಕ 10 ಮಿ.ಮೀ., ಹಾಗಾದರೆ 12ರ ಲೆಕ್ಕ ಸಾಕಲ್ವಾ? ಬಯಲಿನಲ್ಲಿ ಕೂತ ಗಾಜಿಗೆ ಸಾಕು. ಇಲ್ಲಿ ನಾಲ್ಕು ಸುತ್ತಲೂ ಒಡ್ಡು ಇದೆ. ಒಡ್ಡು ಶಾಖ ಹಿಡಿದಿಟ್ಟು ಅಂಚನ್ನು ಬಿಸಿಯಾಗಿಯೇ ಇಡುತ್ತದೆ, ನಡುವೆ ಮೊದಲು ತಣಿಯುತ್ತದೆ. ನಾನಂತೂ ಒಡ್ಡು ಇರುವಾಗ ಒಂದು ಮೆಟ್ಟಿಲು ಮೇಲಿನ ಲೆಕ್ಕವನ್ನೇ, ಅಂದರೆ 19 ಮಿ.ಮೀ.ದ್ದನ್ನೇ ಹಾಕುವುದು. ನಾಲ್ಕು ಗಂಟೆಯ ಕರೆಂಟಿಗಿಂತ 66 ಪಟ್ಟಿಗಳ ಕೂಲಿ ದೊಡ್ಡದು.

ಕರೆಂಟು ಹೋದರೆ? ಮುಚ್ಚಳ ಮುಟ್ಟಬೇಡಿ. ಮೇಲೇರುವಾಗ ಹೋಗಿದ್ದರೆ ಬಂದ ಮೇಲೆ ಮುಂದುವರಿಸಿ, ಸಾಮಾನ್ಯವಾಗಿ ಏನೂ ಆಗಿರುವುದಿಲ್ಲ. 482ರಿಂದ 371ರ ನಡುವೆ ಹೋಗಿದ್ದರೆ ಬಂದ ಮೇಲೆ ಗಂಟೆಗೆ 80 ಡಿಗ್ರಿ ಮೀರದಂತೆ ಮತ್ತೆ 482ಕ್ಕೆ ಏರಿಸಿ, 3 ಗಂಟೆಯ ನಿಲುಗಡೆಯಿಂದ ಪುನಃ ಶುರು ಮಾಡಿ. ಉಳಿದದ್ದನ್ನು ಮುಂದುವರಿಸಿದರೆ ಆಗುವುದಿಲ್ಲ. ಎರಡು ಸಲ ತಣಿಸಿದರೆ ಗಾಜಿಗೆ ನಷ್ಟ ಇಲ್ಲ.

ಕಿಲ್ನ್ ಕೈಗೆ ತಣ್ಣಗೆ ಅನಿಸುವವರೆಗೆ ತೆರೆಯಬೇಡಿ. ಕಂಟ್ರೋಲರ್ 40 ತೋರಿಸುತ್ತಿದ್ದರೂ ಅದು ಗಾಳಿಯ ಉಷ್ಣತೆ. ಶೆಲ್ಫಿನ ಮೇಲಿನ ಗಾಜು ಇನ್ನೂ ಅದಕ್ಕಿಂತ ಬಿಸಿ ಇರುತ್ತದೆ.

ಹಂತ 8: ಒಡೆದಿದ್ದರೆ ಬಿರುಕನ್ನು ಓದಿ

ಎಸೆಯುವ ಮೊದಲು ಒಡೆದ ಅಂಚನ್ನು ಬೆಳಕಿಗೆ ಹಿಡಿಯಿರಿ.

ಅಂಚು ದುಂಡಗೆ, ನುಣ್ಣಗೆ ಇದ್ದರೆ ಮೇಲೇರುವಾಗ ಒಡೆದು, ಆಮೇಲಿನ ಶಾಖದಲ್ಲಿ ಅಂಚು ಕರಗಿದೆ. ಏರಿಸುವ ವೇಗ ಇಳಿಸಿ. ಬಿಡಿ ಪಟ್ಟಿಗಳ ಮೊದಲ ಸುಡುವಿಕೆಯಲ್ಲಿ ಇದು ಕಡಿಮೆ, ಎರಡನೆಯದರಲ್ಲಿ ಜಾಸ್ತಿ.

ಅಂಚು ಚೂಪಾಗಿದ್ದು, ಬಿರುಕು ಫಲಕದ ಅಡ್ಡಕ್ಕೆ ಬಣ್ಣಗಳನ್ನು ಲೆಕ್ಕಿಸದೆ ಓಡಿ, ತುದಿಯಲ್ಲಿ ಕೊಕ್ಕೆಯಂತೆ ತಿರುಗಿದ್ದರೆ ತಣಿಸಿದ್ದು ಸಾಲದು.

ಅಂಚು ಚೂಪಾಗಿದ್ದು, ಬಿರುಕು ಒಂದು ಬಣ್ಣದ ಗಡಿಯನ್ನೇ ಹಿಡಿದು ಹೋಗಿದ್ದರೆ ಆ ಬಣ್ಣ ಹೊಂದುವುದಿಲ್ಲ. ಇದನ್ನು ಮತ್ತೆ ಸುಟ್ಟು ಸರಿ ಮಾಡಲು ಹೋಗಬೇಡಿ. ಸೇರುತ್ತದೆ, ಮತ್ತೆ ಒಡೆಯುತ್ತದೆ.

ತಳದಲ್ಲಿ ಮಾತ್ರ ಸಣ್ಣ ಸಣ್ಣ ಬಿರುಕಿದ್ದು, ಅಲ್ಲಿ ವಾಷ್ ಅಂಟಿದ್ದರೆ ಶೆಲ್ಫ್ ಗಾಜನ್ನು ಹಿಡಿದಿದೆ. ಹಂತ 5ಕ್ಕೆ ಹೋಗಿ.

ಒಡೆಯದೆ ಬಂದಿದ್ದರೂ ಎಲ್‌ಸಿಡಿ ಪರದೆಯ ಮುಂದೆ ಒಮ್ಮೆ ಹಿಡಿಯಿರಿ. ಮೂಲೆಗಳು ಹೊಳೆಯುತ್ತಿದ್ದರೆ ಒರೆಯಲು ಶುರು ಮಾಡಬೇಡಿ. ಮೊದಲು ಇನ್ನೊಮ್ಮೆ ತಣಿಸಿ. ಬಿಳಿ ಗಾಜು, ಹಾಲು ಬಣ್ಣದ ಗಾಜುಗಳ ಮೂಲಕ ಬೆಳಕು ಸರಿಯಾಗಿ ಬರುವುದಿಲ್ಲ, ಅಲ್ಲಿ ಈ ನೋಟ ನಡೆಯದು. ಬಣ್ಣವಿಲ್ಲದ ಪಟ್ಟಿಗಳ ಜಾಗದಲ್ಲಿ ನೋಡಿ.

ಹಂತ 9: ಒರೆಯುವುದು

ಕಿಲ್ನ್‌ನಿಂದ ಬಂದ ಫಲಕ ನೋಡಿ ಎಷ್ಟೋ ಜನ ಪೆಚ್ಚಾಗುತ್ತಾರೆ. ಮೇಲೆ ಗೆರೆಗಳು ಅಲುಗಾಡಿ ಸೊಟ್ಟಗಿರುತ್ತವೆ, ತಳ ಮಸುಕು, ಅಂಚಿನಲ್ಲಿ ಫೈಬರ್ ಗುರುತು. ಚೂಪಾದ ನೇರ ಗೆರೆ ಇರುವುದು ಒಂದೆರಡು ಮಿ.ಮೀ. ಒಳಗೆ. ಅಲ್ಲಿಗೆ ಹೋಗಬೇಕಾದರೆ ಒರೆಯಬೇಕು. ಪಟ್ಟಿ ಗಾಜಿನ ಕೆಲಸಕ್ಕೆ ಹೆಸರಾದ ಕ್ಲಾಸ್ ಮೊಯೆ ಅವರ ಕೃತಿಗಳೂ ಬೆಸೆದು, ಒರೆದು, ಮತ್ತೆ ಬೆಸೆದು ಆದವೇ. ಕೂಲಿಯ ದೊಡ್ಡ ಪಾಲು ಹೋಗುವುದು ಇಲ್ಲಿ.

ಯಂತ್ರ ಇಲ್ಲದಿದ್ದರೆ ದಪ್ಪ ಕಿಟಕಿ ಗಾಜಿನ ಹಾಳೆಯನ್ನು ಮಟ್ಟವಾದ ಮೇಜಿನ ಮೇಲೆ ಇಟ್ಟು, 80ನೇ ನಂಬರಿನ (ನಂಬರ್ ಚಿಕ್ಕದಾದಷ್ಟೂ ಪುಡಿ ಒರಟು) ಸಿಲಿಕಾನ್ ಕಾರ್ಬೈಡ್ ಪುಡಿ ಒಂದು ಚಮಚ, ನೀರು ಸ್ವಲ್ಪ ಹಾಕಿ. ಮೊದಲು ಅಂಚಿನ ಮುಳ್ಳುಗಳನ್ನು ವಜ್ರದ ಪ್ಯಾಡಿನಿಂದ ತೆಗೆಯಿರಿ. ಫಲಕದ ಮೇಲೆ ಪೇಂಟ್ ಮಾರ್ಕರಿನಿಂದ ಚೌಕುಳಿ ಗೆರೆ ಎಳೆದು, ಆ ಮುಖ ಕೆಳಗೆ ಮಾಡಿ ಎಂಟರ ಆಕಾರದಲ್ಲಿ ಆಡಿಸಿ. ಬೂದು ಹಾಲಿನಂಥ ಕೆಸರು ಬರುತ್ತದೆ. ಕರಕರ ಸದ್ದು ಮೆತ್ತಗಾದಾಗ ಪುಡಿ ಸವೆದಿದೆ, ಹೊಸದು ಹಾಕಿ. ನಡುನಡುವೆ ತೊಳೆದು ನೋಡಿ. ಗೆರೆ ಎಲ್ಲಿ ಉಳಿದಿದೆಯೋ ಅಲ್ಲಿ ತಗ್ಗು.

ಚೌಕುಳಿ ಪೂರ್ತಿ ಅಳಿಸುವವರೆಗೆ 80ನ್ನು ಬಿಡಬೇಡಿ. ಇದಕ್ಕೇ ಗಂಟೆಗಟ್ಟಲೆ ಬೇಕು, ಬೆನ್ನು ಹಿಡಿದುಕೊಳ್ಳುತ್ತದೆ. ಆದರೆ ಇಲ್ಲಿ ಉಳಿಸಿದ ಹೊತ್ತನ್ನು ಮುಂದೆ ದುಪ್ಪಟ್ಟು ಕೊಡಬೇಕಾಗುತ್ತದೆ. 80ರ ಗೀರನ್ನು 400 ಅಳಿಸುವುದಿಲ್ಲ, ಬರೀ ಸುತ್ತಲಿನ ಜಾಗವನ್ನು ನುಣುಪು ಮಾಡಿ ಆ ಗೀರನ್ನು ಎದ್ದು ತೋರಿಸುತ್ತದೆ. ಆಮೇಲೆ 120, 220, 400, 600. ಪ್ರತಿ ನಂಬರಿಗೂ ಮತ್ತೆ ಚೌಕುಳಿ ಎಳೆಯಿರಿ. ನಂಬರ್ ಬದಲಿಸುವಾಗ ಫಲಕ, ಹಾಳೆ, ಕೈ, ತೋಳು, ಏಪ್ರನ್ ಎಲ್ಲ ತೊಳೆಯಿರಿ. 80ರ ಒಂದು ಕಾಳು 400ರಲ್ಲಿ ಸೇರಿದರೂ ಅಡ್ಡಗೀರು.

ಯಾವಾಗಲೂ ನೀರಿನಲ್ಲೇ ಒರೆಯಿರಿ. ಒಣ ಒರೆತದ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ಜೊತೆಗೆ ಒಂದೇ ಜಾಗ ಕಾದು ಗಾಜು ಸೀಳಬಹುದು. ಯಂತ್ರ ಬಳಸುವವರು ಆರ್‌ಸಿಸಿಬಿ (ಕರೆಂಟು ಸೋರಿದರೆ ತಕ್ಷಣ ಕಡಿಯುವ ಸ್ವಿಚ್ಚು) ಇರುವ ಲೈನಿನಲ್ಲೇ ಬಳಸಿ, ಕರೆಂಟೂ ನೀರೂ ಒಟ್ಟಿಗೆ ಇರುತ್ತವೆ. ಕೆಸರನ್ನು ಸಿಂಕಿಗೆ ಸುರಿಯಬೇಡಿ. ಪೈಪಿನಲ್ಲಿ ಕಲ್ಲಾಗಿ ಕೂರುತ್ತದೆ. ಬಕೆಟ್ಟಿನಲ್ಲಿ ತಂಗಲು ಬಿಟ್ಟು ಮೇಲಿನ ತಿಳಿ ನೀರು ಚೆಲ್ಲಿ.

ಹಂತ 10: ಹೊಳಪು

600ರ ನಂತರ ಎರಡು ದಾರಿ. ಫೆಲ್ಟ್ ಚಕ್ರದಲ್ಲಿ ಸೀರಿಯಂ ಆಕ್ಸೈಡ್ ಹಾಕಿ ಪಾಲಿಶ್ ಮಾಡುವುದು ಒಂದು. ಕಿಲ್ನ್‌ನಲ್ಲಿ ಮತ್ತೆ ಕಾಯಿಸಿ ಮೇಲ್ಮೈಯನ್ನಷ್ಟೇ ಕರಗಿಸುವುದು ಇನ್ನೊಂದು. ಎರಡನೆಯದಕ್ಕೆ ಕೂಲಿ ಕಡಿಮೆ, ಅಪಾಯ ಜಾಸ್ತಿ. ಈಗ ನಿಮ್ಮ ಬಳಿ ಇರುವುದು ಬಿಡಿ ಪಟ್ಟಿಗಳಲ್ಲ, ದಪ್ಪನೆಯ ಒಂದೇ ಹಲಗೆ. ಮೊದಲ ಸಲದ ವೇಗದಲ್ಲಿ ಏರಿಸಿದರೆ ಸೀಳುತ್ತದೆ. ಗಂಟೆಗೆ 83 ಡಿಗ್ರಿಯಂತೆ 540ರವರೆಗೆ ಹೋಗಿ, ಆಮೇಲೆ ಬೇಗ 700ರಿಂದ 730ರ ನಡುವೆ. 5ರಿಂದ 10 ನಿಮಿಷ ಸಾಕು. ಈ ಸಲ ಒಡ್ಡು ಬೇಡ. ತಣಿಸುವುದು ಮಾತ್ರ 12 ಮಿ.ಮೀ. ಲೆಕ್ಕದಲ್ಲಿ, ಮೊದಲಿನಿಂದ ಪೂರ್ತಿ. ಒಮ್ಮೆ ತಣಿಸಿದ್ದೇನಲ್ಲ ಅನ್ನುವ ಹಾಗಿಲ್ಲ. 482 ದಾಟಿದ ಪ್ರತಿ ಸಲವೂ ಹಳೆಯ ಲೆಕ್ಕ ಅಳಿಸಿಹೋಗುತ್ತದೆ. ಒರೆದ ಮೇಲ್ಮೈಯ ಸಣ್ಣ ಗುಂಡಿಗಳಲ್ಲಿ ಪುಡಿ ಉಳಿದಿದ್ದರೆ ಬೂದು ಮಚ್ಚೆಯಾಗಿ ಕೂರುತ್ತದೆ, ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜಿ ತೊಳೆದೇ ಇಡಿ.

ಮಂಕು ಮುಖವೇ ಚೆಂದ ಅನಿಸಿದರೆ 600ರಲ್ಲಿ ನಿಲ್ಲಿಸಿ. ನನಗೆ ಅದೇ ಇಷ್ಟ, ಗೆರೆಗಳು ಬೆಳಕು ಮಿನುಗದೆ ಕಾಣುತ್ತವೆ.

ಹಂತ 11: ನಿಲ್ಲಿಸುವುದು

ಭಾರವನ್ನು ತಳದಿಂದ ಹೊರಿಸಿ. ಲೋಹದ ಚಾನಲ್ಲಿನಲ್ಲಿ ಕೂರಿಸುವುದಾದರೆ ಗಾಜಿಗೂ ಲೋಹಕ್ಕೂ ನಡುವೆ ರಬ್ಬರ್ ಅಥವಾ ಸಿಲಿಕೋನ್ ಇರಲಿ, ಬದಿಗಳಲ್ಲಿ ಒಂದೆರಡು ಮಿ.ಮೀ. ಬಿಡುವು ಇರಲಿ. ತೂತು ಕೊರೆಯಲೇಬೇಕಾದರೆ ವಜ್ರದ ಬಿಟ್, ನೀರಿನೊಳಗೆ, ಅಂಚಿನಿಂದ ದೂರ, ಎರಡೂ ಕಡೆಯಿಂದ ಅರ್ಧರ್ಧ. ಇದು ಕಾರಿನ ಕಿಟಕಿಯ ಹಾಗೆ ಟಫನ್ ಮಾಡಿದ ಗಾಜಲ್ಲ, ಬಿದ್ದರೆ ದೊಡ್ಡ ಚೂಪು ಹೋಳುಗಳಾಗುತ್ತದೆ. ಜನ ಓಡಾಡುವ ಜಾಗದಲ್ಲಿ ತಲೆಯ ಮೇಲೆ ತೂಗುಹಾಕಬೇಡಿ. ಅಂಥ ಕಡೆಗೆ ಆರ್ಡರ್ ಬಂದರೆ ಲ್ಯಾಮಿನೇಟೆಡ್ ಗಾಜಿನ ಹಾಳೆಗೆ ಅಂಟಿಸಿಯೇ ಕೊಡಿ, ಆ ಖರ್ಚನ್ನು ಮೊದಲ ದಿನವೇ ಎಸ್ಟಿಮೇಟಿನಲ್ಲಿ ಬರೆಯಿರಿ.